ಮೊದಲು ಕ್ಷಮೆ, ಆಮೇಲೆ ಲೆಕ್ಕ

ಮಕ್ಕಳು ತಪ್ಪು ಮಾಡಿದಾಗ ನಮ್ಮ ಮನೆಯಲ್ಲಿ ಎರಡು ಕೆಲಸ ನಡೆಯುತ್ತವೆ. ಮೊದಲು ಕ್ಷಮಿಸುತ್ತೇವೆ. ಆಮೇಲೆ ಹಾಳಾದದ್ದನ್ನು ಅವರ ಕೈಯಿಂದಲೇ ಸರಿಮಾಡಿಸುತ್ತೇವೆ. ಇದು ಹಿಂದುಮುಂದಾಗಬಾರದು ಅನ್ನುವುದರಲ್ಲಿ ನಾನೂ ನನ್ನ ಹೆಂಡತಿಯೂ ಗಟ್ಟಿಯಾಗಿದ್ದೇವೆ. ‘ಸರಿಮಾಡು, ಆಮೇಲೆ ಕ್ಷಮಿಸ್ತೀನಿ’ ಅಂದರೆ ಅದು ವ್ಯಾಪಾರ. ಕ್ಷಮಿಸಿ ಅಲ್ಲಿಗೇ ಕೈಬಿಟ್ಟರೆ ಮಗು ಏನೂ ಕಲಿಯುವುದಿಲ್ಲ.

ಮಗ ಒಂದು ಭಾನುವಾರ ಚರ್ಚಿನ ಕಾಣಿಕೆಗೆ ಅಂತ ನಾವು ಕೊಟ್ಟ ದುಡ್ಡಲ್ಲಿ ಆಟದ ಕಾರ್ಡು ಕೊಂಡಿದ್ದ. ಹಾಸಿಗೆ ಕೊಡವುವಾಗ ದಿಂಬಿನ ಕವರಿನಿಂದ ಕಾರ್ಡುಗಳು ಉದುರಿದವು. ನಾನು ಅವನ ಪಕ್ಕ ನೆಲದ ಮೇಲೆ ಕೂತೆ. ದೊಡ್ಡವರು ನಿಂತುಕೊಂಡು ಕೇಳಿದರೆ ಮಕ್ಕಳ ಬಾಯಲ್ಲಿ ಸುಳ್ಳು ಬೇಗ ಬರುತ್ತದೆ, ಇದು ನಾನು ಕಂಡದ್ದು. “ಕಾಣಿಕೆ ದುಡ್ಡಾ?” ಅಂದೆ. ತಲೆಯಾಡಿಸಿದ, ಅತ್ತ. ಅಳು ನಿಲ್ಲುವವರೆಗೂ ಸುಮ್ನೆ ಇದ್ದೆ. “ಕ್ಷಮಿಸಿದ್ದೀನಿ ಕಣೋ, ಅದು ಮುಗೀತು” ಅಂದೆ. ಮೂಗು ಒರೆಸಿಕೊಂಡು ಕೇಳಿದ: “ಹಾಗಾದ್ರೆ ಕಾರ್ಡು ಇಟ್ಕೊಳ್ಳಬಹುದಾ ಪಪ್ಪಾ?”

ನಗು ಬಂತು, ತಡೆದುಕೊಂಡೆ. ಅವತ್ತಿನ ಮನೆ ಪ್ರಾರ್ಥನೆಯಲ್ಲಿ ಬೈಬಲಿನ ಲೂಕ 19 ಓದಿದೆವು, ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ. ಜಕ್ಕಾಯ ಅಂದರೆ ಮಕ್ಕಳಿಗೆ ಮರ ಹತ್ತಿದ ಕುಳ್ಳ, ಅಷ್ಟೇ. ನಾನು ತೋರಿಸಿದ್ದು ಆ ಕಥೆಯಲ್ಲಿ ಯಾವುದು ಮೊದಲು ಆಯಿತು ಅನ್ನುವುದನ್ನು. ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂತ ಯೇಸು ಹೇಳಿದ್ದು ಮೊದಲು. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಜಕ್ಕಾಯ ಅಂದದ್ದು ಆಮೇಲೆ. ಕೊಡು ಅಂತ ಯೇಸು ಕೇಳಿರಲೇ ಇಲ್ಲ.

ಮಗನಿಗೆ ಬೇರೆಯೇ ಚಿಂತೆ. “ನಾಲ್ಕರಷ್ಟಾ?” ಅಂದ. ಬೈಬಲಿನಲ್ಲೇ ಅರಣ್ಯಕಾಂಡ 5:7 ತೆಗೆದೆ. ಅಲ್ಲಿ ಲೆಕ್ಕ ಸ್ವಲ್ಪ ಹಗುರ. ತಪ್ಪು ಒಪ್ಪಿಕೊಳ್ಳಬೇಕು, ಪೂರ್ತಿ ಮೊತ್ತ ಕೊಡಬೇಕು, ಅದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಆ ಒಂದು ಪಾಲು ಎಷ್ಟು ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅವನೇ ಭಾಗಾಕಾರ ಹಾಕಿದ. ತನ್ನ ಹುಂಡಿಯಿಂದ ಎಣಿಸಿ ತೆಗೆದು, ಮುಂದಿನ ಭಾನುವಾರ ತಾನೇ ಕಾಣಿಕೆಗೆ ಹಾಕಿದ. ಆ ವಿಷಯ ನಾವು ಮತ್ತೆ ಎತ್ತಿಲ್ಲ. ಬೇರೆ ತಪ್ಪಿಗೆ ಬೈಯುವಾಗಲೂ ಎತ್ತುವುದಿಲ್ಲ. ಹಳೆಯದನ್ನು ಕೆದಕಿದರೆ ಅವತ್ತು ಕ್ಷಮಿಸಿದ್ದು ಸುಳ್ಳು ಅಂತಾಯ್ತು, ಅಲ್ವಾ?

ಹೊಡೆಯುವುದಿಲ್ಲವಾ ಅಂತ ಚರ್ಚಿನ ಹಿರಿಯರು ಕೇಳುತ್ತಾರೆ. ಬೆತ್ತ ಹಿಡಿಯದವನು ಮಗನನ್ನು ದ್ವೇಷಿಸುತ್ತಾನೆ ಅನ್ನುವ ಜ್ಞಾನೋಕ್ತಿ 13:24 ಎಲ್ಲರಿಗೂ ಬಾಯಿಪಾಠ. ನಾವು ಹೊಡೆಯುವುದಿಲ್ಲ. ಕೀರ್ತನೆ 23ರಲ್ಲಿ ಕುರುಬನ ದೊಣ್ಣೆ ಕುರಿಗೆ ಧೈರ್ಯ ಕೊಡುತ್ತದೆ, ನಮಗೆ ಆ ದೊಣ್ಣೆ ಸಾಕು. ಹಾಗಂತ ಸಡಿಲ ಬಿಟ್ಟಿಲ್ಲ. ಯಾಜಕನಾಗಿದ್ದ ಏಲಿ, ಕೆಟ್ಟ ದಾರಿ ಹಿಡಿದ ತನ್ನ ಮಕ್ಕಳಿಗೆ ಬುದ್ಧಿ ಹೇಳಿದ್ದ, 1 ಸಮುವೇಲ 2ರಲ್ಲೇ ಇದೆ. ಮುಂದಿನ ಅಧ್ಯಾಯದಲ್ಲಿ ಅವನ ಮೇಲೆ ಬಂದ ದೂರು, ಗೊತ್ತಿದ್ದೂ ತಡೆಯಲಿಲ್ಲ ಅಂತ. ಅದಕ್ಕೇ ಮೊಬೈಲ್ ಸಾಕು ಅಂತ ನಾವು ಒಂದೇ ಸಲ ಹೇಳುತ್ತೇವೆ. ಆಮೇಲೆ ಎತ್ತಿಡುತ್ತೇವೆ. ಕೂಗಾಟ ಇಲ್ಲ.

ಬೈಬಲ್ ವಾಕ್ಯವನ್ನು ಬೆದರಿಕೆಗೆ ಬಳಸುವುದನ್ನೂ ದೂರ ಇಟ್ಟಿದ್ದೇವೆ. ‘ದೇವರು ನೋಡ್ತಾ ಇದ್ದಾನೆ, ಹುಷಾರ್’ ಅನ್ನುವುದು ಸುಲಭ. ಆದರೆ ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಂದೀತು ಅಂತ ಪೌಲ ಕೊಲೊಸ್ಸೆ 3:21ರಲ್ಲಿ ಹೇಳುವುದು ಅಪ್ಪಂದಿರಿಗೆ.

ಮಗಳದ್ದು ಬೇರೆ ಕಥೆ. ಅವಳು ಈಗ ಹದಿವಯಸ್ಸಿನವಳು, ಪ್ರಶ್ನೆ ಜಾಸ್ತಿ. ಒಳ್ಳೆಯವರಿಗೆ ಯಾಕೆ ಕಾಯಿಲೆ, ಪ್ರಾರ್ಥನೆ ಮಾಡಿದರೂ ಯಾಕೆ ಸತ್ತರು. ಎದುರುಬದುರು ಕೂರಿಸಿ ಮಾತಾಡಿಸಿದರೆ ಬಾಯಿ ಬಿಡುವುದಿಲ್ಲ, ಜೊತೆಗೆ ನಡೆಯುವಾಗ ಬಿಡುತ್ತಾಳೆ. ಧರ್ಮೋಪದೇಶಕಾಂಡ 6:7ರಲ್ಲಿ ದಾರಿ ನಡೆಯುವಾಗಲೂ ಮಾತಾಡಿ ಅಂತ ಬರೆದವರಿಗೆ ಮನೆಯಲ್ಲಿ ಇಂಥ ಮಗಳಿದ್ದಳೇನೋ! ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಮಾರ್ಕ 9:24ನ್ನು ಒಮ್ಮೆ ತೋರಿಸಿದೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಯೇಸುವಿನ ಮುಂದೆ ಕೂಗಿಕೊಂಡವನು ಒಬ್ಬ ಅಪ್ಪ. ಅವನ ಮಗನೂ ವಾಸಿಯಾದ.

ಅವಳ ವಿಷಯದಲ್ಲಿ ನಾವಿಬ್ಬರೂ ಕೂತು ಒಂದು ಗೆರೆ ಹಾಕಿಕೊಂಡೆವು. ಭಾನುವಾರ ಆರಾಧನೆಗೆ ಬರುವುದು ಮನೆಯ ನಿಯಮ, ರಾತ್ರಿ ಪ್ರಾರ್ಥನೆಗೆ ಕೂರುವುದೂ ನಿಯಮ. ಬಾಯಿಬಿಟ್ಟು ಪ್ರಾರ್ಥಿಸುವುದು ಮಾತ್ರ ಅವಳಿಗೆ ಬಿಟ್ಟದ್ದು. ನಂಬಿಕೆಯನ್ನು ನಾವು ಹೇರಲು ಆಗುವುದಿಲ್ಲ. ತನ್ನ ಸರದಿ ಬಂದಾಗ ಕೆಲವು ದಿನ ಪ್ರಾರ್ಥಿಸುತ್ತಾಳೆ, ಕೆಲವು ದಿನ “ಪಾಸ್” ಅನ್ನುತ್ತಾಳೆ. ತಮ್ಮ ತಾನೂ ಪಾಸ್ ಅನ್ನಲು ನೋಡಿದ. ಅವನಿಗಿನ್ನೂ ಆ ವಯಸ್ಸಾಗಿಲ್ಲ ಅಂತ ಅಕ್ಕನೇ ಗದರಿಸಿದಳು.