ಯಾವುದೇ ದೇಶದ ಶಾಸನಸಭೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

‘ಸಂಸತ್ತಿನಲ್ಲಿ ಮಸೂದೆ ಅಂಗೀಕಾರ’ ಎಂಬ ವಿದೇಶಿ ಸುದ್ದಿ ಓದಿದೊಡನೆ ಅದು ಕಾನೂನಾಗಿಯೇಬಿಟ್ಟಿತು ಎಂದು ಭಾವಿಸುವವರು ಬಹಳ. ಎಷ್ಟೋ ಸಲ ಒಪ್ಪಿಗೆ ಕೊಟ್ಟಿರುವುದು ಒಂದು ಸದನವಷ್ಟೇ ಆಗಿರುತ್ತದೆ. ಇನ್ನೊಂದು ಸದನ, ರಾಷ್ಟ್ರದ ಮುಖ್ಯಸ್ಥರ ಅಂಕಿತ, ಕೆಲವು ದೇಶಗಳಲ್ಲಿ ಜನಮತಗಣನೆಯೂ ಬಾಕಿ ಇರುತ್ತದೆ. ಆಯಾ ದೇಶದ ಸಂವಿಧಾನವನ್ನು ಪೂರ್ತಿ ಓದದೆಯೂ ಅಲ್ಲಿನ ಸಭೆಯ ನಡೆಯನ್ನು ತಿಳಿಯುವ ದಾರಿಯೊಂದಿದೆ. ಎಲ್ಲರೂ ಒಮ್ಮತದಿಂದಿರುವಾಗ ಎಲ್ಲ ಶಾಸನಸಭೆಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಜಗಳ ಹುಟ್ಟಿದಾಗ ಕೊನೆಯ ಮಾತು ಯಾರದು ಎಂದು ಒಂದೊಂದು ಹಂತದಲ್ಲೂ ಕೇಳುತ್ತ ಹೋಗಬೇಕು.

ಮೊದಲು ಸದಸ್ಯರು ಆಯ್ಕೆಯಾಗುವ ಬಗೆಯನ್ನು ನೋಡಿ

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನ 650 ಸ್ಥಾನಗಳಿಗಾಗಲಿ, ಭಾರತದ ಲೋಕಸಭೆಯ 543 ಸ್ಥಾನಗಳಿಗಾಗಲಿ, ಕ್ಷೇತ್ರದಲ್ಲಿ ಉಳಿದವರಿಗಿಂತ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಹೀಗಾಗಿ ದೇಶದ ಒಟ್ಟು ಮತಗಳಲ್ಲಿ ಅರ್ಧವನ್ನೂ ಪಡೆಯದ ಪಕ್ಷಕ್ಕೆ ಸದನದಲ್ಲಿ ನಿಚ್ಚಳ ಬಹುಮತ ಸಿಗುವುದು ಇಲ್ಲಿ ಸಾಮಾನ್ಯ. ನೆದರ್ಲೆಂಡ್ಸ್‌ನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಕ್ರಮವಿದೆ: ಇಡೀ ದೇಶದ ಮತವನ್ನು ಒಟ್ಟಾಗಿ ಎಣಿಸಿ, ಪಕ್ಷಗಳು ಪಡೆದ ಮತದ ಪ್ರಮಾಣಕ್ಕೆ ತಕ್ಕಂತೆ ಕೆಳಮನೆಯ 150 ಸ್ಥಾನಗಳನ್ನು ಹಂಚುತ್ತಾರೆ. ಅಲ್ಲಿ ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಬಾರದೆ, ಚುನಾವಣೆಯ ನಂತರ ಮೈತ್ರಿ ಮಾತುಕತೆ ತಿಂಗಳುಗಟ್ಟಲೆ ನಡೆಯುತ್ತದೆ. ಜರ್ಮನಿಯ ಮತದಾರರಿಗೆ ಎರಡು ಮತಗಳಿವೆ, ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ; ಪಕ್ಷದ ಬಲವನ್ನು ತೀರ್ಮಾನಿಸುವುದು ಎರಡನೆಯದು. ನ್ಯೂಜಿಲೆಂಡ್ 1996ರಿಂದ ಇದನ್ನೇ ಹೋಲುವ ಪದ್ಧತಿಯಲ್ಲಿ ಚುನಾವಣೆ ನಡೆಸುತ್ತಿದೆ.

ಸ್ಥಾನಗಳ ಸಂಖ್ಯೆಯೂ ಕ್ಷುಲ್ಲಕವಲ್ಲ. ಸ್ವೀಡನ್ನಿನ ಸಂಸತ್ತಿನಲ್ಲಿ 350 ಸ್ಥಾನಗಳಿದ್ದಾಗ, 1973ರ ಚುನಾವಣೆಯಲ್ಲಿ ಎರಡೂ ಬಣಗಳು 175ರಂತೆ ಸಮವಾಗಿ ಗೆದ್ದವು, ಮತ ಸಮವಾದ ಹಲವು ಸಂದರ್ಭಗಳಲ್ಲಿ ಚೀಟಿ ಎತ್ತಿ ತೀರ್ಮಾನಿಸಬೇಕಾಯಿತು. 1976ರ ಚುನಾವಣೆಯಿಂದ ಅಲ್ಲಿನ ಸ್ಥಾನಗಳು 349.

ಆಮೇಲೆ ಸದನಗಳನ್ನು ಎಣಿಸಿ

ನ್ಯೂಜಿಲೆಂಡ್ 1951ರಲ್ಲಿ, ಡೆನ್ಮಾರ್ಕ್ 1953ರಲ್ಲಿ, ಸ್ವೀಡನ್ 1971ರಲ್ಲಿ ಮೇಲ್ಮನೆಯನ್ನು ಕೈಬಿಟ್ಟವು. ಒಂದೇ ಸದನವಿರುವಲ್ಲಿ ಲೆಕ್ಕ ಸುಲಭ. ಎರಡಿರುವಲ್ಲಿ, ನನ್ನ ದೃಷ್ಟಿಯಲ್ಲಿ, ಇಡೀ ವ್ಯವಸ್ಥೆಯ ಗುಟ್ಟು ಇರುವುದೇ ಇಲ್ಲಿ: ಕೆಳಮನೆ ಹೌದು ಎಂದು, ಮೇಲ್ಮನೆ ಅಲ್ಲ ಎಂದರೆ ಮುಂದೇನು?

ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಜನರಿಂದ ಆಯ್ಕೆಯಾದ ಸದನವಲ್ಲ. 1911 ಮತ್ತು 1949ರ ಕಾಯ್ದೆಗಳ ಪ್ರಕಾರ ಅದು ಸಾಮಾನ್ಯ ಮಸೂದೆಯನ್ನು ಸುಮಾರು ಒಂದು ವರ್ಷ, ಹಣಕಾಸು ಮಸೂದೆಯನ್ನು ಒಂದು ತಿಂಗಳು ತಡೆಹಿಡಿಯಬಹುದೇ ಹೊರತು ಕೊಲ್ಲುವಂತಿಲ್ಲ. ಜಪಾನಿನಲ್ಲಿ ಮೇಲ್ಮನೆ ತಿರಸ್ಕರಿಸಿದ ಮಸೂದೆಯನ್ನು ಕೆಳಮನೆ ಮೂರನೇ ಎರಡರಷ್ಟು ಬಹುಮತದಿಂದ ಮತ್ತೆ ಅಂಗೀಕರಿಸಿದರೆ ಅದು ಕಾನೂನಾಗುತ್ತದೆ. ಭಾರತದಲ್ಲಿ ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಾಮಾನ್ಯ ಮಸೂದೆಯ ಬಗ್ಗೆ ಬಿಕ್ಕಟ್ಟು ಬಂದರೆ ಎರಡೂ ಸದನಗಳ ಜಂಟಿ ಅಧಿವೇಶನ ಕರೆಯಬಹುದು. ಹಾಗೆ ಕಾನೂನಾದವು 1961ರ ವರದಕ್ಷಿಣೆ ನಿಷೇಧ ಮಸೂದೆ ಸೇರಿದಂತೆ ಮೂರೇ ಮಸೂದೆಗಳು. ಸಂವಿಧಾನ ತಿದ್ದುಪಡಿಗೆ ಈ ದಾರಿ ಇಲ್ಲ, ಆದ್ದರಿಂದ ಅಲ್ಲಿ ರಾಜ್ಯಸಭೆಯ ಬಲ ಲೋಕಸಭೆಗೆ ಸಮ.

ಅಮೆರಿಕದಲ್ಲಿ ಇಂಥ ಯಾವ ಹಿಂಬಾಗಿಲೂ ಇಲ್ಲ. 435 ಸದಸ್ಯರ ಪ್ರತಿನಿಧಿ ಸಭೆ, 100 ಸದಸ್ಯರ ಸೆನೆಟ್ ಎರಡೂ ಒಂದೇ ಪಠ್ಯವನ್ನು ಅಕ್ಷರಶಃ ಒಪ್ಪಲೇಬೇಕು. ಒಪ್ಪದಿದ್ದರೆ ಮಸೂದೆ ಅಲ್ಲಿಗೇ ನಿಂತಿತು.

ಸರ್ಕಾರಕ್ಕೂ ಸಭೆಗೂ ಇರುವ ನಂಟು

ಸಂಸದೀಯ ಪದ್ಧತಿಯಲ್ಲಿ ಸರ್ಕಾರ ಉಳಿಯುವುದು ಕೆಳಮನೆಯ ವಿಶ್ವಾಸದ ಮೇಲೆ. ಕಲಾಪದ ಹೆಚ್ಚಿನ ಸಮಯವೂ ಬಹುಮತವೂ ಸರ್ಕಾರದ ಕೈಯಲ್ಲಿರುವುದರಿಂದ ಸರ್ಕಾರಿ ಮಸೂದೆಗಳು ಸಾಮಾನ್ಯವಾಗಿ ಗೆಲ್ಲುತ್ತವೆ. ಸರ್ಕಾರವನ್ನು ಉರುಳಿಸುವ ನಿಯಮ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಚಾನ್ಸಲರ್ ಬೇಡ ಎಂದರೆ ಸಾಲದು, ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನೂ ಆರಿಸಬೇಕು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಅವರ ಜಾಗಕ್ಕೆ ಹೆಲ್ಮುಟ್ ಕೋಲ್ ಬಂದದ್ದು ಹೀಗೆ. ಫ್ರಾನ್ಸಿನ ಸಂವಿಧಾನದ 49ನೇ ವಿಧಿಯ 3ನೇ ಉಪವಿಧಿಯಂತೂ ವಿಚಿತ್ರ: ಪ್ರಧಾನಿ ಮಸೂದೆಯೊಂದರ ಮೇಲೆ ಸರ್ಕಾರದ ಉಳಿವನ್ನೇ ಪಣಕ್ಕಿಟ್ಟರೆ, ಮತದಾನವಿಲ್ಲದೆಯೇ ಅದು ಅಂಗೀಕಾರವಾದಂತೆ, 24 ಗಂಟೆಯೊಳಗೆ ಅವಿಶ್ವಾಸ ನಿರ್ಣಯ ಸಲ್ಲಿಕೆಯಾಗಿ, ಅದು ಗೆದ್ದರೆ ಮಾತ್ರ ಮಸೂದೆಯೂ ಸರ್ಕಾರವೂ ಬೀಳುತ್ತವೆ. 2024ರ ಡಿಸೆಂಬರ್‌ನಲ್ಲಿ ಮಿಷೆಲ್ ಬಾರ್ನಿಯೆ ಅವರ ಸರ್ಕಾರ ಈ ಜೂಜಿನಲ್ಲಿ ಸೋತಿತು.

ಅಮೆರಿಕದ ಅಧ್ಯಕ್ಷರ ಅವಧಿ ನಿಗದಿಯಾದದ್ದು. ಎರಡೂ ಸದನಗಳು ವಿರೋಧಿಗಳ ಕೈಯಲ್ಲಿದ್ದರೂ ಅವರು ಹುದ್ದೆಯಲ್ಲಿರುತ್ತಾರೆ, ಆದರೆ ಮಸೂದೆ ಮಂಡಿಸಲು ಸದಸ್ಯರೊಬ್ಬರನ್ನು ಹುಡುಕಿಕೊಳ್ಳಬೇಕು.

ಇನ್ನು ಒಂದು ಮಸೂದೆಯ ಬೆನ್ನು ಹಿಡಿಯಿರಿ

ಮಂಡನೆ, ಸಮಿತಿಯ ಪರಿಶೀಲನೆ, ತಿದ್ದುಪಡಿ, ಅಂತಿಮ ಮತದಾನ ಎಂಬ ಕ್ರಮ ಬಹುತೇಕ ಎಲ್ಲೆಡೆ ಉಂಟು. ಭಾಷಣಗಳಿಗಿಂತ ಸಮಿತಿಯನ್ನು ಗಮನಿಸುವುದು ಒಳ್ಳೆಯದು. ಅಮೆರಿಕದಲ್ಲಿ ಮಂಡನೆಯಾದ ಮಸೂದೆಗಳಲ್ಲಿ ಬಹುಪಾಲು ಸಮಿತಿಯಲ್ಲೇ ಕೊನೆಯುಸಿರೆಳೆಯುತ್ತವೆ. ಅದನ್ನು ದಾಟಿ ಬಂದರೂ, ಸೆನೆಟ್‌ನಲ್ಲಿ ಮುಗಿಯದ ಚರ್ಚೆಗೆ ತೆರೆ ಎಳೆಯಲು ಸಾಮಾನ್ಯವಾಗಿ 60 ಮತ ಬೇಕು, 51 ಸಾಲದು.

ಮತದಾನದ ದೃಶ್ಯ ನೋಡುವಂಥದ್ದು. ಕಾಮನ್ಸ್ ಸಭೆಯಲ್ಲಿ ಧ್ವನಿಮತದ ಬಗ್ಗೆ ತಕರಾರು ಬಂದರೆ ಗಂಟೆಗಳು ಮೊಳಗುತ್ತವೆ. ಎಂಟು ನಿಮಿಷ ಕಳೆದರೆ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಬಂದ ಸದಸ್ಯರು, ಪರವಾಗಿ ಒಂದು, ವಿರೋಧವಾಗಿ ಇನ್ನೊಂದು ಎಂದು ಸದನದ ಇಕ್ಕೆಲಗಳಲ್ಲಿರುವ ಲಾಬಿಗಳ ಮೂಲಕ ನಡೆದುಹೋಗಿ ತಲೆ ಎಣಿಸಿಕೊಳ್ಳುತ್ತಾರೆ. ಜಪಾನಿನಲ್ಲಿ ಹೆಸರು ಕರೆದು ಮತ ಪಡೆಯುವಾಗ ಸದಸ್ಯರು ತಮ್ಮ ಹೆಸರಿರುವ ಮರದ ಫಲಕವನ್ನು ವೇದಿಕೆಗೆ ಒಯ್ದು ಕೊಡಬೇಕು, ಬಿಳಿಯದು ಪರ, ನೀಲಿಯದು ವಿರೋಧ. ಆ ನಾಲ್ಕು ಹೆಜ್ಜೆಗಳನ್ನೇ ಗಂಟೆಗಟ್ಟಲೆ ಎಳೆದು ಮಸೂದೆಯನ್ನು ತಡಮಾಡುವ ‘ಎತ್ತಿನ ನಡಿಗೆ’ಯನ್ನು ವಿರೋಧ ಪಕ್ಷಗಳು 1992ರಲ್ಲಿ, ಶಾಂತಿಪಾಲನೆಗೆ ಪಡೆ ಕಳುಹಿಸುವ ಮಸೂದೆ ಬಂದಾಗ, ಪ್ರಯೋಗಿಸಿದ್ದವು. ಮಸೂದೆ ಕೊನೆಗೂ ಅಂಗೀಕಾರವಾಯಿತು.

ಸದಸ್ಯರು ಪಕ್ಷವನ್ನು ಮೀರಿ ಮತ ಹಾಕಬಹುದೇ ಎಂಬುದನ್ನೂ ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ವಿಪ್ ಉಲ್ಲಂಘಿಸಿದವರನ್ನು ಪಕ್ಷದ ಸಂಸದೀಯ ಗುಂಪಿನಿಂದ ಹೊರಹಾಕಬಹುದು, ಆದರೆ ಸಂಸತ್ ಸ್ಥಾನ ಉಳಿಯುತ್ತದೆ. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ನಿಯಮದಡಿ ಸದಸ್ಯತ್ವವೇ ಹೋಗಬಹುದು. ಚರ್ಚೆ ಎಷ್ಟೇ ಬಿರುಸಾಗಿರಲಿ, ಎರಡನೆಯ ಬಗೆಯ ಸದನದಲ್ಲಿ ಎಣಿಕೆಯ ಫಲ ಬಹಳಷ್ಟು ಮೊದಲೇ ಗೊತ್ತಿರುತ್ತದೆ.

ಕೊನೆಯದಾಗಿ ಅಂಕಿತ

ಬ್ರಿಟನ್ನಿನಲ್ಲಿ ಅರಸೊತ್ತಿಗೆ ಮಸೂದೆಗೆ ಒಪ್ಪಿಗೆ ನಿರಾಕರಿಸಿದ್ದು ಕೊನೆಯ ಬಾರಿ 1708ರಲ್ಲಿ. ಅಮೆರಿಕದ ಅಧ್ಯಕ್ಷರ ನಿರಾಕರಣೆ ಇಂದಿಗೂ ಜೀವಂತ ಅಸ್ತ್ರ. ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಸ್ವಿಟ್ಜರ್‌ಲೆಂಡ್‌ನಲ್ಲಿ ಇಂಥ ಅಧಿಕಾರವಿರುವುದು ಮತದಾರರಿಗೆ: ಸಂಸತ್ತು ಅಂಗೀಕರಿಸಿದ ಕಾನೂನು ಪ್ರಕಟವಾದ 100 ದಿನಗಳೊಳಗೆ 50,000 ಸಹಿ ಸಂಗ್ರಹವಾದರೆ ಅದನ್ನು ಜನಮತಕ್ಕೆ ಹಾಕಲೇಬೇಕು, ಅಲ್ಲಿ ಬಹುಮತ ಬಾರದಿದ್ದರೆ ಕಾನೂನು ಬಿದ್ದುಹೋಗುತ್ತದೆ.