ಕಾರವಾರದ ದಡದಲ್ಲಿ ಎಒಡಿ ತಾಳೆ ಮಾಡಿದ್ದು: ನನ್ನ ಅನುಭವ

ಗಾಳಿಯಲ್ಲಿರುವ ಧೂಳು, ಹೊಗೆಯ ಕಣಗಳು ಬಿಸಿಲನ್ನು ಎಷ್ಟು ತಡೆಯುತ್ತವೆ ಅನ್ನೋ ಅಳತೆಯೇ ಎಒಡಿ. ಕಾರವಾರದಲ್ಲಿ ಉಪಗ್ರಹದ ಎಒಡಿಯನ್ನು ನೆಲದಿಂದ ಅಳೆದು ತಾಳೆ ನೋಡೋದು ಸುಮ್ನೆ ದಂಡ ಅಂದವರೇ ಜಾಸ್ತಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಮೋಡ. ಈಗ ತಾಳೆ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನೆಲದಿಂದ ಬಿಸಿಲು ಅಳೆಯುವ ರೆಡಿಮೇಡ್ ಸನ್ ಫೋಟೋಮೀಟರ್‌ಗೆ ಲಕ್ಷಗಟ್ಟಲೆ ಬೇಕು. ಅಮೆರಿಕದ ಹವ್ಯಾಸಿ ವಿಜ್ಞಾನಿ ಫಾರೆಸ್ಟ್ ಮಿಮ್ಸ್ ತೋರಿಸಿದ ಹಳೆಯ ದಾರಿ ಹಿಡಿದು ಹಸಿರು ಎಲ್‌ಇಡಿಯನ್ನೇ ಸೆನ್ಸರ್ ಮಾಡಿಕೊಂಡೆ. ಸಿಗ್ನಲ್ ಹಿಗ್ಗಿಸುವ ಆಪ್-ಆಂಪ್ ಚಿಪ್, ಪಿವಿಸಿ ಪೈಪು, ಮಲ್ಟಿಮೀಟರ್ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಪೆಟ್ರೋಲಿಗೆ ಅದರ ನಾಲ್ಕೈದು ಪಟ್ಟು ಹೋಯಿತು. ಅದನ್ನು ಮನೆಯಲ್ಲಿ ಹೇಳಿಲ್ಲ.

ತುಂಬಾ ಕಾಡಿದ್ದು ಲ್ಯಾಂಗ್ಲಿ. ಸೂರ್ಯ ಕೆಳಗಿದ್ದಾಗಿನಿಂದ ಮೇಲೇರುವವರೆಗೆ ರೀಡಿಂಗ್ ತೆಗೆದು ಗೆರೆ ಎಳೆದು, ನಡುವೆ ಗಾಳಿಯೇ ಇಲ್ಲದಿದ್ದರೆ ಉಪಕರಣ ಎಷ್ಟು ತೋರಿಸುತ್ತಿತ್ತು (ಅದೇ ವಿ-ಸೊನ್ನೆ) ಅಂತ ಕಂಡುಹಿಡಿಯುವ ವಿಧಾನ ಅದು. ಶಿರಸಿಯಲ್ಲಿ ಚಳಿಗಾಲದ ಮಂಜು ಬಿಡುವಷ್ಟರಲ್ಲಿ ಸೂರ್ಯ ಮೇಲೇರಿರುತ್ತಾನೆ. ಕಾರವಾರದಲ್ಲಿ ಕಡಲಗಾಳಿ ಶುರುವಾದರೆ ಗೆರೆ ಸೊಟ್ಟ. ಕೊನೆಗೆ ಘಟ್ಟದ ಮೇಲೆ, ಮಂಜಿಗಿಂತ ಎತ್ತರದ ಒಂದು ಗುಡ್ಡ ಸಿಕ್ಕಿತು. ಅಲ್ಲಿ ವಿ-ಸೊನ್ನೆ ಸುಮಾರು ಎರಡು ಪರ್ಸೆಂಟ್ ಒಳಗೆ ನಿಂತಿತು. ಯಾವ ಗುಡ್ಡ ಅಂತ ಕೇಳಬೇಡಿ. ಎಲ್‌ಇಡಿ ಬಿಸಿಲಿಗೆ ಕಾದಾಗ ರೀಡಿಂಗ್ ಜಾರದಂತೆ ಮಾಡಿದ ಉಪಾಯವೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಒಡಿ ಕೊಡುವ ವಿಯರ್ಸ್ ಉಪಕರಣ ಹೊತ್ತ ನೋವಾ-20 ಉಪಗ್ರಹ ಮಧ್ಯಾಹ್ನ ಒಂದೂವರೆ ಹೊತ್ತಿಗೆ ದಾಟುತ್ತದೆ. ಹಿಂದೆ ಮುಂದೆ ಅರ್ಧ ಗಂಟೆಯ ಸರಾಸರಿ ಹಿಡಿದೆ. ಬೀಚಿನಲ್ಲಿ ನನ್ನದು 0.3 ಇದ್ದರೆ ಉಪಗ್ರಹದ್ದು 0.5! ಎಲ್ಲರೂ ನನ್ನ ಪೈಪನ್ನೇ ಬೈದರು. ಅದೇ ಪೈಪು ಹಿಡಿದು ಕಡಲಿಂದ ದೂರ, ಒಳನಾಡಿನ ಕದ್ರಾಕ್ಕೆ ಹೋದೆ. ವ್ಯತ್ಯಾಸ 0.05ರ ಆಸುಪಾಸಿಗೆ ಇಳಿಯಿತು. ಶಿರಸಿಯಲ್ಲೂ ಅಷ್ಟೇ. ಅಲ್ಲಿಗೆ ಕಳ್ಳ ಸಿಕ್ಕಿದ. ಆರು ಕಿಲೋಮೀಟರಿನ ಪಿಕ್ಸೆಲ್ಲಿನಲ್ಲಿ ಅರ್ಧ ನೀರು, ಅರ್ಧ ನೆಲ. ಮಳೆ ಮುಗಿದ ಹೊಸತರಲ್ಲಿ ಕಾಳಿ ನದಿಯ ಬಾಯಲ್ಲಿ ಕೆಸರು ನೀರು ಬೇರೆ. ಉಪಗ್ರಹದ ಲೆಕ್ಕ ಆ ಹೊಳಪನ್ನೂ ಗಾಳಿಯ ಧೂಳಿನ ಖಾತೆಗೆ ಸೇರಿಸುತ್ತದೆ. ಒಂದು ಕಿಲೋಮೀಟರಿನ ಪಿಕ್ಸೆಲ್ಲಿರುವ ಮೈಯಾಕ್ ಎಂಬ ಉಪಗ್ರಹ ಎಒಡಿ ಡೇಟಾ ತೆಗೆದುಕೊಂಡು, ದಡಕ್ಕೆ ತಾಗಿದ ಪಿಕ್ಸೆಲ್ ಬಿಟ್ಟ ಮೇಲೆ ಕಾರವಾರವೂ ದಾರಿಗೆ ಬಂತು.

ನಡುವೆ ಅಡಿಕೆ ಬೇಯಿಸುವ ಕಾಲ ಬಂತು. ಸುಮ್ಮನಿರಲಾಗದೆ ಅಂಗಳದಲ್ಲಿ ಗಾಳಿಯ ಕಣ ಅಳೆಯುವ ಪ್ಲಾಂಟವರ್ ಕಂಪನಿಯ ಸೆನ್ಸರ್ ಇಟ್ಟೆ. ಒಲೆ ಹೊತ್ತಿದ್ದೇ ಪಿಎಂ 2.5, ಅಂದರೆ ಅತಿ ಸಣ್ಣ ಕಣಗಳ ಪ್ರಮಾಣ, ಮುನ್ನೂರು ದಾಟಿತು. ಉಪಗ್ರಹಕ್ಕೆ ಸುದ್ದಿಯೇ ಇಲ್ಲ! ಅದು ನೋಡೋದು ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯನ್ನು, ನಮ್ಮ ಅಂಗಳವನ್ನಲ್ಲ ಅಲ್ವಾ? ಅದೇ ಸೆನ್ಸರ್ ಕಾರವಾರದಲ್ಲಿ ಬೆಳಗ್ಗೆ ಇರುವುದಕ್ಕಿಂತ ಹೆಚ್ಚುಕಡಿಮೆ ಡಬಲ್ ತೋರಿಸುತ್ತದೆ. ಉಪ್ಪಿನ ಕಣಗಳು ತೇವ ಹೀರಿ ಊದಿಕೊಳ್ಳುತ್ತವೆ. ಹ್ಯುಮಿಡಿಟಿ 80 ಪರ್ಸೆಂಟ್ ದಾಟಿದಾಗಿನ ರೀಡಿಂಗನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.