ಅಂಜುವ ಎಳೆಯ ನಾಯಿಯನ್ನು ಬೀದಿಗೆ ಒಗ್ಗಿಸುವ ಬಗೆ

ಮಂಗಳೂರಿನ ಓಣಿಗಳಲ್ಲಿ ಬೆಳಗ್ಗೆ ಮೀನು ಮಾರುವವರ ಸ್ಕೂಟರಿನ ಹಾರ್ನ್ ಕೇಳಿಸಿದರೆ ಮನೆಯವರು ಪಾತ್ರೆ ಹಿಡಿದು ಗೇಟಿಗೆ ಬರುತ್ತಾರೆ. ವರ್ಷ ತುಂಬದ ನಮ್ಮ ಬೊಳ್ಳು ಮಾತ್ರ ಆ ಸದ್ದಿಗೆ ಹಗ್ಗ ಹರಿಯುವಂತೆ ನೆಗೆದು ಬೊಗಳುತ್ತಿತ್ತು. ನೋಡಿದವರು ಅದನ್ನು ಜೋರಿನ ನಾಯಿ ಎಂದರು. ವಾಸ್ತವದಲ್ಲಿ ಅದು ಹೆದರಿತ್ತು. ಓಡಿಹೋಗುವ ದಾರಿಯನ್ನು ಹಗ್ಗವೇ ಮುಚ್ಚಿದಾಗ, ಹೆದರಿದ ನಾಯಿಗೆ ಉಳಿಯುವುದು ಬೊಗಳಿ ಎದುರಿನದನ್ನು ಓಡಿಸುವ ಉಪಾಯವೊಂದೇ. ಸ್ಕೂಟರ್ ಹೇಗೂ ಮುಂದೆ ಹೋಗುವುದರಿಂದ, ತಾನು ಬೊಗಳಿದ್ದಕ್ಕೇ ಅದು ತೊಲಗಿತೆಂದು ನಾಯಿ ದಿನವೂ ಪಾಠ ಕಲಿಯುತ್ತದೆ.

ಮರಿಗಳು ಹೊರಜಗತ್ತನ್ನು ಸಲೀಸಾಗಿ ಒಪ್ಪಿಕೊಳ್ಳುವುದು ಸುಮಾರು 3ರಿಂದ 14 ವಾರಗಳ ಪ್ರಾಯದಲ್ಲಿ. ಕರಾವಳಿಯ ಮಳೆಗಾಲದಲ್ಲಿ ಜಗಲಿ ಬಿಟ್ಟಿಳಿಯದೆ ಬೆಳೆದ ಮರಿಗೆ ಆ ವಾರಗಳು ಸುಮ್ಮನೆ ಕಳೆದುಹೋಗಿರುತ್ತವೆ. ಬೊಳ್ಳುವಿಗೆ ಆದದ್ದೂ ಅದೇ. ಅದಾದ ಮೇಲೂ ಕಲಿಸಬಹುದು, ಆದರೆ ನಿಧಾನವಾಗಿ.

ಮೊದಲು ಕತ್ತಿನ ಸರಪಳಿಯನ್ನು ಬದಿಗಿಡಬೇಕು. ಸ್ಕೂಟರ್ ಕಂಡಾಗಲೆಲ್ಲ ಕತ್ತಿಗೆ ನೋವಾದರೆ, ಸ್ಕೂಟರೆಂದರೆ ನೋವು ಎಂಬ ನಂಟು ಗಟ್ಟಿಯಾಗುತ್ತದೆ. ಗದರಿಸುವುದರ ಫಲವೂ ಇದೇ. ಭುಜಗಳ ಚಲನೆಗೆ ಅಡ್ಡಿಯಾಗದಂತೆ ಎದೆಯ ಮೇಲೆ ಕೂರುವ ಹಾರ್ನೆಸ್ ಮತ್ತು ಸುಮಾರು 2 ಮೀಟರ್ ಉದ್ದದ ಸಾದಾ ಹಗ್ಗ ಸಾಕು. ತಾನಾಗಿ ಸುತ್ತಿಕೊಳ್ಳುವ ಹಗ್ಗ ಸದಾ ಬಿಗಿಯಾಗಿಯೇ ಇರುವುದರಿಂದ ಈ ಕೆಲಸಕ್ಕೆ ಬೇಡ. ಕಿಸೆಯಲ್ಲಿ ಕಡಲೆಕಾಳಿನ ಗಾತ್ರದ ತಿಂಡಿಯ ಚೂರುಗಳಿರಲಿ: ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ, ಅಥವಾ ಮುಳ್ಳು ಪೂರ್ತಿ ತೆಗೆದ ಬಂಗುಡೆ. ಸಾರಿನಿಂದೆತ್ತಿದ ತುಂಡು ಬೇಡ, ಈರುಳ್ಳಿ ನಾಯಿಗೆ ವಿಷ.

ಇನ್ನು ಮುಖ್ಯ ವಿಷಯ, ಅಂತರ. ಪ್ರತಿಯೊಂದು ನಾಯಿಗೂ, ಹೆದರಿಸುವ ವಸ್ತುವನ್ನು ಕಂಡರೂ ತಿನ್ನಬಲ್ಲಷ್ಟು, ಕರೆದರೆ ತಿರುಗಬಲ್ಲಷ್ಟು ದೂರವೊಂದಿರುತ್ತದೆ. ಅದು 20 ಮೀಟರ್ ಇರಬಹುದು, 50 ಮೀಟರೂ ಇರಬಹುದು. ನಾಯಿಯ ಮೈಯೇ ಅದನ್ನು ಹೇಳುತ್ತದೆ. ಬೊಳ್ಳು ಬೊಗಳುವುದಕ್ಕೆ ಮೊದಲು ಬಾಯಿ ಮುಚ್ಚಿಕೊಳ್ಳುತ್ತದೆ, ತೇಕುವುದು ಥಟ್ಟನೆ ನಿಲ್ಲುತ್ತದೆ, ಮುಂಗಾಲೊಂದು ನೆಲದಿಂದ ಬೆರಳಷ್ಟು ಎತ್ತರದಲ್ಲೇ ತಡೆದು ನಿಲ್ಲುತ್ತದೆ. ಈ ಎರಡು ಮೂರು ಸೆಕೆಂಡುಗಳಲ್ಲಿ ಹಿಂದೆ ಸರಿದರೆ ಪಾಠ ಮುಂದುವರಿಯುತ್ತದೆ. ಬೊಗಳಾಟ ಶುರುವಾದರೆ ಆ ದಿನದ ಕಲಿಕೆ ಮುಗಿಯಿತೆಂದು ತಿಳಿದು ದೂರ ಹೋಗುವುದೇ ಸರಿ.

ತಿಂಡಿ ಕೊಡುವ ಕ್ರಮದಲ್ಲಿ ತಪ್ಪಬಾರದು. ರಷ್ಯಾದ ವಿಜ್ಞಾನಿ ಪಾವ್ಲೋವ್ ತನ್ನ ಪ್ರಯೋಗದ ನಾಯಿಗಳಲ್ಲಿ ಕಂಡಂತೆ, ಸೂಚನೆ ಮೊದಲು, ಆಹಾರ ಅನಂತರ. ನಾಯಿ ಸ್ಕೂಟರನ್ನು ನೋಡಿದ ಮೇಲೆ ಚೂರು ಕೊಡಬೇಕು, ಸ್ಕೂಟರ್ ಕಾಣುತ್ತಿರುವಷ್ಟು ಹೊತ್ತೂ ಒಂದೊಂದಾಗಿ ಕೊಡುತ್ತಿರಬೇಕು, ಅದು ಮರೆಯಾದೊಡನೆ ನಿಲ್ಲಿಸಬೇಕು. ತಿಂಡಿ ತೋರಿಸಿ ಸ್ಕೂಟರಿನ ಬಳಿಗೆ ಸೆಳೆದೊಯ್ದರೆ ನಾಯಿ ತಿಂಡಿಯನ್ನೇ ಶಂಕಿಸಲು ತೊಡಗುತ್ತದೆ. ನಾನು ಮೊದಲ ವಾರ ಮಾಡಿದ ತಪ್ಪು ಇದೇ.

ನಮ್ಮ ಓಣಿಗಳು ಕಿರಿದು, ಎರಡೂ ಬದಿ ಮುರಕಲ್ಲಿನ ಗೋಡೆ. ದೂರ ಸರಿಯಲು ಜಾಗವಿಲ್ಲ. ಆದ್ದರಿಂದ ಹಿಂತಿರುಗುವುದನ್ನು ಮನೆಯಂಗಳದಲ್ಲೇ ಕಲಿಸಿಡಬೇಕು: “ಬಾ” ಎಂದು ಹೇಳಿ, ಹಗ್ಗ ಎಳೆಯದೆ ನಾವೇ ತಿರುಗಿ ನಡೆದು, ಜೊತೆಗೆ ಬಂದ ನಾಯಿಗೆ ಚೂರು ಕೊಡುವುದು. ದಿನಕ್ಕೆ ಹತ್ತು ಸಲದಂತೆ ಅಭ್ಯಾಸವಾದರೆ ಬೀದಿಯಲ್ಲಿ ಅದು ಯೋಚಿಸದೆ ತಿರುಗುತ್ತದೆ. ತೆರೆದ ಗೇಟು, ನಿಂತ ಕಾರಿನ ಮರೆ ಕೂಡ ಉಪಯೋಗಕ್ಕೆ ಬರುತ್ತವೆ. ಬೀದಿನಾಯಿಗಳ ಗುಂಪು ಹತ್ತಿರ ಬಂದರೆ ಓಡಬಾರದು; ಒಂದು ಹಿಡಿ ತಿಂಡಿಯನ್ನು ಅವುಗಳ ಕಡೆಗೆ ಎಸೆದು ಹಿಂದೆ ಸರಿಯುವುದು ಲೇಸು. “ಕಚ್ತದಾ ಮಾರ್ರೆ?” ಎಂದು ಕೇಳುತ್ತಲೇ ಕೈ ಚಾಚುವವರಿಗೆ ಮುಟ್ಟಬೇಡಿ ಎನ್ನಲು ದಾಕ್ಷಿಣ್ಯಪಡಬಾರದು.

ಕದ್ರಿ ಪಾರ್ಕಿನ ಸುತ್ತಲಿನ ಬೆಳಗಿನ ಜನಸಂದಣಿ, ಮಲ್ಪೆ ಕಡಲತೀರದ ಭಾನುವಾರದ ಸಂಜೆ ಇವು ಆರಂಭದ ಪಾಠಶಾಲೆಗಳಲ್ಲ. ಬೆಳಕು ಹರಿಯುವ ಹೊತ್ತಿನ ಖಾಲಿ ಮೈದಾನ, ಹದಿನೈದು ನಿಮಿಷ, ಹಗ್ಗ ಸಡಿಲವಾಗಿ, ಮೂಸುತ್ತ ನಡೆಯಲು ಬಿಟ್ಟರೆ ಸಾಕು. ದೊಡ್ಡದಾಗಿ ಹೆದರಿದ ಮರುದಿನ ಹೊರಗೆ ಹೋಗದೆ ಅಂಗಳದಲ್ಲೇ ಆಡಿಸುವುದು ಒಳ್ಳೆಯದು. ದೀಪಾವಳಿಯ ಪಟಾಕಿಯ ದಿನಗಳಿಗೂ ಇದು ಅನ್ವಯ. ಹಠಾತ್ತಾಗಿ ಸಿಡುಕು ಹೆಚ್ಚಿದರೆ ಪಶುವೈದ್ಯರಿಗೆ ತೋರಿಸಬೇಕು, ಕಿವಿನೋವು, ಕೀಲುನೋವುಗಳೂ ನಾಯಿಯನ್ನು ಹೀಗೆ ಮಾಡುತ್ತವೆ.

ಕೆಲವು ವಾರಗಳ ಬಳಿಕ ಹಾರ್ನ್ ಕೇಳಿದ ಬೊಳ್ಳು ಒಮ್ಮೆ ಓಣಿಯ ಕಡೆ ನೋಡಿ, ತಕ್ಷಣ ನನ್ನ ಕಿಸೆಯತ್ತ ತಿರುಗಿತು. ಇಂಥ ತಿರುವು ಕೆಲವು ದಿನ ತಪ್ಪದೆ ಬಂದ ಮೇಲೆಯೇ ಅಂತರವನ್ನು ಎರಡು ಹೆಜ್ಜೆಯಷ್ಟು ಕಡಿಮೆ ಮಾಡಬೇಕು, ನಾಯಿ ಚೂರು ಬೇಡವೆಂದರೆ ಆ ಎರಡು ಹೆಜ್ಜೆಯನ್ನು ಮರಳಿ ಕೊಡಬೇಕು.